ಗೇಟಿನ ಕೆಳಗಿನ ಒಂದು ಗೇಣು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆ ನೋಡಲು ಬರುತ್ತೇವೆ ಎಂದು ಫೋನ್ ಬಂದದ್ದು ಬುಧವಾರ ರಾತ್ರಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿ, ‘ಬರ್ರಿ ಬರ್ರಿ, ಮನ್ಯಾಗ ಇರ್ತೇವಿ’ ಅಂದೆ. ಫೋನ್ ಇಟ್ಟು ನೋಡಿದರೆ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು.

ಬರುವವರು ನೆಂಟರಲ್ಲ. ಹುಬ್ಬಳ್ಳಿ-ಧಾರವಾಡದ ರಸ್ತೆಗಳಲ್ಲಿ ಗಾಯಗೊಂಡು ಬಿದ್ದ ನಾಯಿಗಳನ್ನು ಎತ್ತಿಕೊಂಡು ಹೋಗಿ, ಔಷಧ ಮಾಡಿಸಿ, ಆಮೇಲೆ ಒಂದು ಮನೆ ಹುಡುಕಿಕೊಡುವ ಸಣ್ಣ ಗುಂಪಿನವರು. ಅವರ ಹತ್ತಿರ ಒಂದು ಕರಿ ನಾಯಿ ಇತ್ತು. ಸುಮಾರು ಎರಡು ವರ್ಷದ ಹೆಣ್ಣು. ಬೈಪಾಸ್ ಪಕ್ಕದಲ್ಲಿ ಗಾಡಿ ಬಡಿದು ಬಿದ್ದಿತ್ತಂತೆ. ಹಿಂದಿನ ಒಂದು ಕಾಲಿನ ಮೂಳೆ ಕೂಡಿಕೊಂಡಿದೆ, ಆದರೆ ಸೊಟ್ಟ. ಒಂದು ಕಿವಿಯ ತುದಿಯಲ್ಲಿ ಸಣ್ಣದಾಗಿ ಕತ್ತರಿಸಿದ ಗುರುತು. ಬೀದಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿಯಾಗಿದೆ ಅಂತ ದೂರದಿಂದಲೇ ಗೊತ್ತಾಗಲಿ ಎಂದು ಮಾಡುವ ಗುರುತು ಅದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅಂಥ ನಾಯಿಯನ್ನು ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಆದರೆ ಈ ಕಾಲಿನಲ್ಲಿ ಲಾರಿಗಳು ಓಡಾಡುವ ಆ ರಸ್ತೆಯನ್ನು ಅದು ದಾಟುವುದು ಹೇಗೆ? ಅದಕ್ಕೆ ಮನೆಯೇ ಬೇಕಿತ್ತು.

ನಾನು ಮೂರು ಪುಟದ ಫಾರ್ಮ್ ತುಂಬಿ ಕಳಿಸಿದ್ದೆ. ಮನೆ ಸ್ವಂತದ್ದೋ ಬಾಡಿಗೆಯದೋ, ಎಷ್ಟು ಜನ, ದಿನಕ್ಕೆ ಎಷ್ಟು ಹೊತ್ತು ಮನೆ ಖಾಲಿ ಇರುತ್ತದೆ, ಊರಿಗೆ ಹೋದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ. ಎಲ್ಲದಕ್ಕೂ ಸಲೀಸಾಗಿ ಬರೆದೆ. ಒಂದು ಪ್ರಶ್ನೆಗೆ ಮಾತ್ರ ಪೆನ್ನು ನಿಂತಿತು. ‘ಹಿಂದೆ ನಾಯಿ ಸಾಕಿದ್ದೀರಾ? ಅದಕ್ಕೆ ಏನಾಯಿತು?’ ತುಂಬಾ ಹೊತ್ತು ಯೋಚಿಸಿ, ‘ಒಂದು ಇತ್ತು, ಈಗ ಇಲ್ಲ’ ಎಂದಷ್ಟೇ ಬರೆದಿದ್ದೆ.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಮನೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು. ಅರ್ಧ ಮನೆಗೆ ಮಂಗಳೂರು ಹೆಂಚು, ಇನ್ನರ್ಧ ಆಮೇಲೆ ಹಾಕಿಸಿದ ಆರ್‌ಸಿಸಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಮನೆಯವರು ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಾರೆ. ಮಗಳಿಗೆ ಹನ್ನೆರಡು ವರ್ಷ. ಮನೆಯಲ್ಲಿ ಯಾವಾಗಲೂ ಇರುವವರು ನಮ್ಮ ಅತ್ತೆ.

ಮನೆ ನೋಡಲು ಬರುತ್ತಾರೆ ಎಂದಾಗ ಅತ್ತೆಗೆ ಆಶ್ಚರ್ಯವಾಯಿತು.

‘ಓಣ್ಯಾಗ ಬೇಕಾದಷ್ಟ ನಾಯಿ ಅದಾವ. ಒಂದ್ ನಾಯಿ ಕೊಡಾಕ ಮನಿ ಯಾಕ ನೋಡ್ತಾರ?’

‘ಹೆಣ್ಣ ಕೊಡಾವ್ರು ಮನಿ ನೋಡಾಕ ಬರೂದಿಲ್ಲೇನ್ರಿ ಅತ್ತಿ? ಹಂಗ’ ಅಂದೆ.

ಅವರು ಸುಮ್ಮನಾದರು. ನಾನು ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಹೇಳಿದ್ದೆ, ಅಷ್ಟೇ. ಆದರೆ ಆ ಮಾತು ರಾತ್ರಿಯೆಲ್ಲ ತಲೆಯಲ್ಲಿ ಉಳಿಯಿತು. ನಮ್ಮ ಕಡೆ ಹೆಣ್ಣಿನ ಮನೆಯ ಹಿರಿಯರು ಗಂಡಿನ ಮನೆಗೆ ಬಂದರೆ ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿಂದು ಎದ್ದು ಹೋಗುವುದಿಲ್ಲ. ನೀರು ಎಲ್ಲಿಂದ ತರುತ್ತಾರೆ, ಹಿತ್ತಲು ಹೇಗಿದೆ, ಅತ್ತೆಯ ಮಾತಿನ ಧಾಟಿ ಹೇಗೆ, ಎಲ್ಲ ನೋಡುತ್ತಾರೆ. ಹುಡುಗಿ ಆಮೇಲೆ ತಾನಾಗಿ ಬಂದು ಕಷ್ಟ ಹೇಳಲಿಕ್ಕಿಲ್ಲ ಅನ್ನುವ ಅಂಜಿಕೆಯಿಂದಲೇ ಮೊದಲೇ ನೋಡುವುದು. ನಾಯಿಗಂತೂ ಹೇಳುವ ಬಾಯಿಯೇ ಇಲ್ಲ. ಹಾಗಾದರೆ ಈ ಬರುವವರು ಆ ಕರಿ ನಾಯಿಯ ತವರಿನವರೇ ಅಲ್ವಾ?

ಇಷ್ಟು ತಿಳಿದ ಮೇಲೂ ನಾನು ತಯಾರಿ ಮಾಡಿದ್ದು ಮಾತ್ರ ನೆಂಟರು ಬರುವಾಗಿನ ತಯಾರಿ. ಗುರುವಾರ ಜೇಡರ ಬಲೆ ತೆಗೆದೆ. ಶುಕ್ರವಾರ ಶಾಲೆಯಿಂದ ಬಂದು ಪರದೆಗಳನ್ನು ಒಗೆದೆ. ಶನಿವಾರ ಹುಬ್ಬಳ್ಳಿಯಿಂದ ಮೆತ್ತನೆಯ ನೀಲಿ ಹಾಸಿಗೆ ಬಂತು, ಎರಡು ಸ್ಟೀಲ್ ಬಟ್ಟಲು ಬಂದವು, ಮಗಳು ಹಟ ಮಾಡಿ ಒಂದು ರಬ್ಬರ್ ಚೆಂಡನ್ನೂ ತರಿಸಿದಳು. ಹಾಸಿಗೆಯನ್ನು ಪಡಸಾಲೆಯ ಕಿಟಕಿಯ ಕೆಳಗೆ, ಬಂದವರಿಗೆ ಎದ್ದು ಕಾಣುವ ಜಾಗದಲ್ಲಿ ಹಾಕಿದೆವು. ಕಟ್ಟೆ ತೊಳೆದು ರಂಗೋಲಿಯನ್ನೂ ಹಾಕಿದೆ.

ಪಕ್ಕದ ಮನೆಯ ಕಾಕಾ ಇದನ್ನೆಲ್ಲ ನೋಡಿ, ‘ನಾಯಿ ಬೇಕಂದ್ರ ಮುಧೋಳದ್ದ ತಗೋಬೇಕ ನೋಡವಾ. ಸೈನ್ಯದಾಗ ತಗೊಂಡಾರ’ ಅಂದರು. ಮುಧೋಳ ನಾಯಿ ಅಂದರೆ ನಮಗೆಲ್ಲ ಹೆಮ್ಮೆಯೇ. 2005ರಲ್ಲಿ ಅದರ ಅಂಚೆ ಚೀಟಿ ಬಂದಾಗ ನಾನೂ ಒಂದು ಕೊಂಡು ಇಟ್ಟುಕೊಂಡಿದ್ದೆ. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಬಯಲಿನಲ್ಲಿ ಓಡಲು ಹುಟ್ಟಿದ ನಾಯಿ. ಉದ್ದ ಕಾಲು, ಒಳಗೆ ಸೇರಿಕೊಂಡ ಹೊಟ್ಟೆ, ಮೈಯೆಲ್ಲ ಓಟಕ್ಕಾಗಿಯೇ. ಅದನ್ನು ತಂದು ನಮ್ಮ ಇಪ್ಪತ್ತು ಹೆಜ್ಜೆಯ ಹಿತ್ತಲಿನಲ್ಲಿ ಕಟ್ಟಿಹಾಕಿದರೆ ನಮಗೆ ಹೆಮ್ಮೆ, ಅದಕ್ಕೆ ಸೆರೆಮನೆ. ನಾಯಿಯ ಹೆಸರು ನೋಡಿ ಮನೆ ಕೊಡಬಾರದು. ಮನೆ ನೋಡಿ, ಅಲ್ಲಿ ನೆಮ್ಮದಿಯಾಗಿ ಇರಬಲ್ಲ ನಾಯಿಯನ್ನು ತರಬೇಕು. ಈ ಮಾತನ್ನು ಕಾಕಾಗೂ ಹೇಳಿದೆ.

ಭಾನುವಾರ ಇಬ್ಬರು ಬಂದರು. ಒಬ್ಬರು ಐವತ್ತು ದಾಟಿದವರು, ಮಾತು ಕಡಿಮೆ. ಇನ್ನೊಬ್ಬಳು ಕಾಲೇಜು ಓದುವ ಹುಡುಗಿ. ಹೆಗಲಿಗೆ ಬ್ಯಾಗು, ಕೈಯಲ್ಲಿ ನಮ್ಮದೇ ಫಾರ್ಮು. ಕುರ್ಚಿ ಎಳೆದು ‘ಕುಂದರ್ರಿ’ ಅಂದೆ. ಹಿರಿಯರು ಕುಳಿತರು. ಹುಡುಗಿ ಮಾತ್ರ, ‘ಬ್ಯಾಡ್ರಿ ಅಕ್ಕಾರ, ನಾ ನೆಲದ ಮ್ಯಾಲ ಕುಂದರ್ತೇನ್ರಿ’ ಅಂತ ಪಡಸಾಲೆಯ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಹಾಗೇ ಕುಳಿತು, ತಲೆಯನ್ನು ಇನ್ನೂ ಸ್ವಲ್ಪ ತಗ್ಗಿಸಿ, ಸುತ್ತ ನೋಡಿದಳು.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ನಾನೂ ಅವಳ ಪಕ್ಕ ಕುಳಿತೆ. ಹದಿನೇಳು ವರ್ಷದಿಂದ ಇರುವ ಮನೆ. ಆದರೆ ಆ ಎತ್ತರದಿಂದ ಅದನ್ನು ನಾನು ನೋಡಿಯೇ ಇರಲಿಲ್ಲ. ಒಗೆದ ಪರದೆಗಳು ಎಲ್ಲೋ ಮೇಲಿದ್ದವು. ಕಣ್ಣಿಗೆ ಬಿದ್ದದ್ದು ಸೋಫಾದ ಕೆಳಗೆ ಜೋತುಬಿದ್ದ ಚಾರ್ಜರಿನ ವೈರು. ಕಪಾಟಿನ ಕೆಳಗಿನ ಖಾನೆಯಲ್ಲಿ ಮುಚ್ಚಳ ಸಡಿಲಾದ ಫಿನಾಯಿಲ್ ಬಾಟಲಿ. ಮೂಲೆಯಲ್ಲಿ ಮಗಳ ಹೊಲಿಗೆ ಡಬ್ಬಿಯಿಂದ ಬಿದ್ದ ಸೂಜಿ, ಅದಕ್ಕೆ ಒಂದು ಗೇಣು ಕೆಂಪು ದಾರ. ಅತ್ತೆಯ ಮಾತ್ರೆಗಳ ಡಬ್ಬಿ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ. ಜ್ವರ ಬಂದರೆ ನಾವು ನುಂಗುವ ಪ್ಯಾರಸಿಟಮಾಲ್ ನಾಯಿಗೆ ವಿಷವಾಗಬಹುದು ಎಂದು ಅವಳು ಹೇಳಿದಾಗ, ಮೋತ್ಯಾನ ಕಾಲದಲ್ಲಿ ಅದೇ ಸ್ಟೂಲು ಅಲ್ಲೇ ಇತ್ತಲ್ಲ ಎಂದು ನೆನಪಾಗಿ ಮೈ ನಡುಗಿತು.

ಮೋತ್ಯಾನ ವಿಷಯಕ್ಕೆ ಬರುತ್ತೇನೆ.

ಮೆಟ್ಟಿಲ ಕೆಳಗೆ ನಮ್ಮದು ಜೋಳದ ಚೀಲಗಳ ಜಾಗ. ವರ್ಷಕ್ಕೆ ಬೇಕಾಗುವಷ್ಟು ಒಮ್ಮೆಗೇ ತಂದಿಡುತ್ತೇವೆ. ಅವಳು ಟಾರ್ಚು ಹಾಕಿ ಚೀಲದ ಹಿಂದೆ ನೋಡಿ, ‘ಇದೇನ್ರಿ?’ ಅಂದಳು. ನೀಲಿ ಬಣ್ಣದ ಬಿಲ್ಲೆ. ಇಲಿ ಪಾಷಾಣ. ಜೋಳ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಪಾಷಾಣ, ನಮಗೆ ಅದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ ಇಲಿ ಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ದಿನ ನಾಯಿ ಆಡಿಕೊಂಡೇ ಇರುತ್ತದೆ. ಮೂರು ನಾಲ್ಕು ದಿನಕ್ಕೆ ಒಳಗೊಳಗೇ ರಕ್ತ ಸೋರಲು ಶುರುವಾಗುತ್ತದೆ. ಒಸಡು ಬಿಳಿಚಿಕೊಳ್ಳುತ್ತದೆ, ಉಸಿರು ಕಷ್ಟವಾಗುತ್ತದೆ. ಬೇಗ ಗೊತ್ತಾದರೆ ಕೆ ವಿಟಮಿನ್ ಕೊಟ್ಟು ಉಳಿಸಬಹುದು. ಆದರೆ ಏನು ತಿಂದಿದೆ ಅಂತಲೇ ಗೊತ್ತಿಲ್ಲದಿದ್ದರೆ? ಪಾಷಾಣ ತಿಂದ ಇಲಿಯನ್ನು ನಾಯಿ ತಿಂದರೂ ಅಪಾಯವೇ ಅಂತೆ. ನಾನು ಆಗಲೇ ಆ ಬಿಲ್ಲೆಗಳನ್ನು ಕಾಗದದಲ್ಲಿ ಎತ್ತಿ ಕಟ್ಟಿಟ್ಟೆ. ಮರುದಿನ ಎರಡು ಇಲಿ ಬೋನು ತಂದೆವು.

ಹುಡುಗಿ ಟಾರ್ಚು ಆರಿಸಿ, ಮೆಟ್ಟಿಲ ಕೆಳಗೇ ಇನ್ನೊಮ್ಮೆ ನೋಡಿ, ‘ಇದು ಇಲ್ಲೇ ಮಲಗತೈತ್ರಿ ಅಕ್ಕಾರ’ ಅಂದಳು. ‘ಇಲ್ಲಾ, ಹಾಸಿಗಿ ಅಲ್ಲಿ ಕಿಟಕಿ ಕೆಳಗ ಹಾಕೇವಿ’ ಅಂದೆ. ಅವಳು ನಕ್ಕು ಸುಮ್ಮನಾದಳು.

ಅಡುಗೆ ಮನೆಯಲ್ಲಿ ಹೆಚ್ಚು ಹೊತ್ತಾಗಲಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೆ ಆಗುವುದಿಲ್ಲ, ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕುತ್ತು. ಚಾಕಲೇಟು ಬೇಡವೇ ಬೇಡ. ಅಂದರೆ ನಮ್ಮ ಪಲ್ಯದಲ್ಲಿ ಅದ್ದಿದ ರೊಟ್ಟಿ, ಹಬ್ಬದ ಉಂಡೆ, ಯಾವುದನ್ನೂ ಪ್ರೀತಿಯಿಂದ ಎಸೆಯುವ ಹಾಗಿಲ್ಲ. ಹಾಲಿಗಿಂತ ಮೊಸರು ವಾಸಿ, ಬೆಳೆದ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಹಾಲು ಅರಗುವುದಿಲ್ಲ. ಇಲ್ಲಿ ಒಂದು ಮಾತು ನಾನೇ ಎತ್ತಿದೆ. ನಮ್ಮದು ಮಾಂಸ ತಿನ್ನದ ಮನೆ. ಅತ್ತೆಯ ಅಡುಗೆ ಮನೆಗೆ ಮೊಟ್ಟೆಯೂ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ನಾಯಿ ತಂದು, ಆಮೇಲೆ ದಿನಾ ಜಗಳ ಆಡುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದಲ್ವಾ? ಅವರು ಬೇಸರ ಮಾಡಿಕೊಳ್ಳಲಿಲ್ಲ. ಬೆಕ್ಕಿನ ಹಾಗಲ್ಲ ನಾಯಿ, ವೈದ್ಯರನ್ನು ಕೇಳಿ ಸರಿಯಾಗಿ ಹೊಂದಿಸಿದರೆ ಮಾಂಸವಿಲ್ಲದೆಯೂ ಬದುಕುತ್ತದೆ, ಆದರೆ ಬರೀ ಅನ್ನ-ರೊಟ್ಟಿ ಸಾಲದು ಅಂದರು. ಕೊನೆಗೆ ಹೀಗೆ ಗೊತ್ತು ಮಾಡಿದೆವು: ಬೆಳಿಗ್ಗೆ ಅಂಗಡಿಯ ಒಣ ಆಹಾರ, ಸಂಜೆ ಮೊಸರನ್ನ, ತರಕಾರಿ, ಒಂದು ಮೊಟ್ಟೆ. ಮೊಟ್ಟೆ ಬೇಯಿಸಲು ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ.

ಹಿತ್ತಲಲ್ಲಿ ಕಣಗಿಲೆ ಗಿಡ ಇದೆ. ದೇವರ ಪೂಜೆಗೆ ಅತ್ತೆ ಬೆಳೆಸಿದ್ದು. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ, ಮನುಷ್ಯರಿಗೂ. ಗಿಡ ಕಡಿಯುವುದು ಬೇಡ, ಸುತ್ತ ಜಾಲರಿ ಹಾಕಿ ಅಂದರು. ಕಟ್ಟಿಗೆಯ ರಾಶಿಯನ್ನು ಗೋಡೆಯಿಂದ ದೂರ ಸರಿಸಲು ಹೇಳಿದರು. ಆ ಸಂದು, ಗೋಡೆಯ ಬಿರುಕು, ಅಲ್ಲೆಲ್ಲ ಉಣ್ಣಿ ಮೊಟ್ಟೆ ಇಡುತ್ತವೆ. ಉಣ್ಣಿ ಜ್ವರ ನಮ್ಮ ಕಡೆಯ ನಾಯಿಗಳನ್ನು ತುಂಬಾ ಕಾಡುತ್ತದೆ. ಹೋದ ವರ್ಷ ಇಲ್ಲಿ ಯಾವುದಾದರೂ ಮರಿ ವಾಂತಿ-ಭೇದಿಯಾಗಿ ಸತ್ತಿತ್ತೇ ಎಂದೂ ಕೇಳಿದರು. ಪಾರ್ವೊ ಕಾಯಿಲೆಯ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದಂತೆ. ಇಲ್ಲ ಅಂದೆವು. ತಾರಸಿಯ ಗೋಡೆ ಮೊಳಕಾಲಿನಷ್ಟೇ ಎತ್ತರ. ಮಂಗ ಬಂದರೆ ನಾಯಿ ಬೆನ್ನಟ್ಟಿ ಹಾರಿಬಿಡುತ್ತದೆ, ಅದಕ್ಕೆ ತಾರಸಿ ಬಾಗಿಲಿಗೆ ಚಿಲಕ.

ಇಷ್ಟಾದ ಮೇಲೆ ಪಡಸಾಲೆಗೆ ಬಂದು ಕುಳಿತೆವು. ಚಹಾ ತಂದೆ. ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದ ಹಿರಿಯರು ಫಾರ್ಮು ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

‘ಇಲ್ಲಿ “ಒಂದು ಇತ್ತು, ಈಗ ಇಲ್ಲ” ಅಂತ ಬರದೀರಿ. ಏನಾತ್ರಿ ಅದಕ್ಕ?’

ಮಗಳು ತಲೆ ತಗ್ಗಿಸಿದಳು. ಅತ್ತೆ ಸೆರಗು ಸರಿ ಮಾಡಿಕೊಂಡರು. ವಯಸ್ಸಾಗಿ ಹೋಯಿತು ಎಂದರೆ ಮುಗಿಯುತ್ತಿತ್ತು. ಯಾರು ಹೋಗಿ ಕೇಳುತ್ತಿದ್ದರು? ಹಿಂದಿನ ರಾತ್ರಿ ಹಾಗೇ ಹೇಳಬೇಕೆಂದು ಗಟ್ಟಿ ಮಾಡಿಕೊಂಡೂ ಇದ್ದೆ. ಆದರೆ ಅವರ ಎದುರು ಕುಳಿತಾಗ ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಆರು ವರ್ಷದ ಹಿಂದೆ ನಮ್ಮಲ್ಲಿ ಮೋತ್ಯಾ ಇದ್ದ. ಮಳೆಗಾಲದ ಒಂದು ಸಂಜೆ ಕಟ್ಟೆಯ ಕೆಳಗೆ ನಡುಗುತ್ತ ಕೂತಿದ್ದ ಮರಿ. ಮಗಳು ಎತ್ತಿಕೊಂಡು ಒಳಗೆ ತಂದಳು, ಉಳಿದುಬಿಟ್ಟ. ಕಂದು ಮೈ, ಬಾಲದ ತುದಿ ಮಾತ್ರ ಬಿಳಿ. ದೀಪಾವಳಿಯ ಅಮಾವಾಸ್ಯೆಯ ದಿನ ಓಣಿಯಲ್ಲಿ ಸರ ಪಟಾಕಿ ಹಚ್ಚಿದರು. ನಾವು ಮನೆಯೆದುರು ದೀಪ ಇಡುತ್ತಿದ್ದೆವು. ಅವನು ಹೆದರಿ ಹುಚ್ಚಾದ. ಗೇಟು ಮುಚ್ಚಿಯೇ ಇತ್ತು. ಆದರೆ ಕೆಳಗೆ ಸಂದು ಇತ್ತು. ನೆಲಕ್ಕೆ ಅಂಟಿಕೊಂಡು, ಮೈ ತೂರಿಸಿ ಹೊರಟುಹೋದ. ಅವನ ಕೊರಳಲ್ಲಿ ಪಟ್ಟಿ ಇರಲಿಲ್ಲ. ಹಬ್ಬದ ಎಣ್ಣೆಸ್ನಾನ ಅಂತ ನಾನೇ ಬೆಳಿಗ್ಗೆ ಬಿಚ್ಚಿದ್ದೆ, ಮತ್ತೆ ಹಾಕಲು ಮರೆತಿದ್ದೆ. ಐದು ದಿನ ಹುಡುಕಿದೆವು. ಸಪ್ತಾಪುರ, ಸಾಧನಕೇರಿ, ಕೆಲಗೇರಿ ಕೆರೆಯ ದಂಡೆ, ರೈಲ್ವೆ ಹಳಿಯ ಉದ್ದಕ್ಕೂ. ತೋರಿಸಿ ಕೇಳಲು ಒಂದು ಸರಿಯಾದ ಫೋಟೋ ಕೂಡ ಇರಲಿಲ್ಲ. ಅವನು ಸಿಗಲಿಲ್ಲ. ಸತ್ತಿದ್ದರೆ ಸತ್ತ ಅಂದುಕೊಳ್ಳಬಹುದಿತ್ತು. ಇವತ್ತಿಗೂ ಬಾಲದ ತುದಿ ಬೆಳ್ಳಗಿರುವ ಕಂದು ನಾಯಿ ಕಂಡರೆ ನಾನು ಗಾಡಿ ನಿಲ್ಲಿಸುತ್ತೇನೆ.

ಹೇಳಿ ಮುಗಿಸಿದಾಗ ಚಹಾ ಆರಿತ್ತು. ಇನ್ನು ಇವರು ನಾಯಿ ಕೊಡುವುದಿಲ್ಲ, ಕೊಡಲೂಬಾರದು ಅನ್ನಿಸಿತು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೇಟ್ ತೋರಸ್ರಿ’ ಅಂದರು.

ಎಲ್ಲರೂ ಹೊರಗೆ ಹೋದೆವು. ರಂಗೋಲಿ ದಾಟಿ, ಗೇಟಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಅವರು ಗೇಟಿನ ಕೆಳಗಿನ ಸಂದಿನಲ್ಲಿ ಕೈ ಬಿಡಿಸಿ ಇಟ್ಟರು. ಹೆಬ್ಬೆರಳು ನೆಲದ ಮೇಲೆ, ಕಿರುಬೆರಳು ಗೇಟಿನ ಕೆಳಗಿನ ಪಟ್ಟಿಗೆ. ಸರಿಯಾಗಿ ಒಂದು ಗೇಣು.

ಅದೇ ಗೇಟು. ಅದೇ ಸಂದು. ಆರು ವರ್ಷ ದಿನಾ ಅದನ್ನು ತೆರೆದು ಮುಚ್ಚಿದ್ದೇನೆ. ಮೋತ್ಯಾನನ್ನು ನೆನೆದು ಎಷ್ಟು ಸಲ ಅತ್ತಿದ್ದೇನೆ. ಪರದೆ ಒಗೆದೆ, ಹಾಸಿಗೆ ತಂದೆ, ರಂಗೋಲಿ ಹಾಕಿದೆ. ಆ ಒಂದು ಗೇಣನ್ನು ಮುಚ್ಚಿಸಬೇಕು ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ. ದುಃಖ ಪಡುವುದೇ ಒಂದು ಕೆಲಸ ಅಂದುಕೊಂಡಿದ್ದೆನೋ ಏನೋ. ಅಲ್ಲೇ ನಿಂತು ನನಗೆ ಅಳು ಬಂತು. ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಹಿರಿಯರು ಬಯ್ಯಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ.

‘ಇಷ್ಟ ಹೇಳಿದ್ರಲ್ಲ, ಅದ ಬೇಕಾಗಿತ್ರಿ ನಮಗ’ ಅಂದರು. ‘ವಯಸ್ಸಾಗಿ ಹೋತು ಅಂದಿದ್ರ ನಾವು ಗೇಟಿಗೆ ಇಷ್ಟ್ ಸೂಕ್ಷ್ಮ ನೋಡತಿದ್ದಿಲ್ಲ.’

ಮನೆ ಬದಲಿಸಿದ ನಾಯಿ ಮೊದಲ ಕೆಲವು ದಿನ ಓಡಿಹೋಗುವುದೇ ಹೆಚ್ಚು ಎಂದು ಅವರೇ ವಿವರಿಸಿದರು. ಅದಕ್ಕೆ ಇದು ತನ್ನ ಮನೆ ಅಂತ ಇನ್ನೂ ಗೊತ್ತಿರುವುದಿಲ್ಲ. ಓಡಿದರೆ ಎಲ್ಲಿಗೆ ವಾಪಸ್ ಬರಬೇಕು ಅಂತಲೂ ಗೊತ್ತಿರುವುದಿಲ್ಲ. ಅದಕ್ಕೇ ಗೇಟಿನ ಸಂದು ಮುಚ್ಚಬೇಕು, ಮುಂಬಾಗಿಲಿಗೆ ಇನ್ನೊಂದು ಸಣ್ಣ ಗೇಟು ಬೇಕು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಕೊರಳ ಪಟ್ಟಿ, ಅದರಲ್ಲಿ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ, ಹೊರಗೆ ಕರೆದೊಯ್ಯುವಾಗ ಎದೆಗೆ ಕಟ್ಟುವ ಪಟ್ಟಿಯೂ ಬೇಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳ ಪಟ್ಟಿಯೊಂದೇ ಕಳಚಿಬರುತ್ತದೆ. ಮುಂದಿನಿಂದ, ಎರಡೂ ಬದಿಯಿಂದ ಫೋಟೋ ತೆಗೆದಿಟ್ಟುಕೊಳ್ಳಬೇಕು. ದೀಪಾವಳಿಗಷ್ಟೇ ಅಲ್ಲ, ಗಣಪತಿ ಕಳಿಸುವಾಗಿನ ಡಿಜೆ, ಹೋಳಿಯ ಹಲಗೆಯ ಸದ್ದು, ಹುಬ್ಬಳ್ಳಿಯವರ ರಂಗಪಂಚಮಿ, ಈ ದಿನಗಳಲ್ಲೆಲ್ಲ ಒಳಗಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಯಾರಾದರೂ ಜೊತೆಗೆ ಇರಬೇಕು.

ಮಗಳನ್ನೂ ಬಿಡಲಿಲ್ಲ. ‘ನಾಯಿ ಉಣ್ಣುವಾಗ ನೀ ಏನ್ ಮಾಡ್ತಿ?’ ಎಂದು ಆ ಹುಡುಗಿ ಕೇಳಿದಳು. ‘ಮೈ ಸವರ್ತೀನಿ’ ಅಂದಳು ಮಗಳು. ಉಣ್ಣುವಾಗ, ಮಲಗಿದಾಗ ಮುಟ್ಟಬಾರದು ಎಂದು ಅವಳಿಗೆ ಹತ್ತು ನಿಮಿಷ ಕೂರಿಸಿಕೊಂಡು ಹೇಳಿದಳು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಬಯ್ಯುತ್ತಾರೆ ಅಂತ ಮುಚ್ಚಿಡಬಾರದು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಡಮಾಡದೆ ಲಸಿಕೆ ಪೂರ್ತಿ ಹಾಕಿಸಿಕೊಂಡರೆ ಅದನ್ನು ತಡೆಯಬಹುದು. ನಾನು ದಿನಾ ಪಾಠ ಮಾಡುವವಳು. ಇಷ್ಟು ಚೆನ್ನಾಗಿ ಮಗುವಿನ ತಲೆಗೆ ಇಳಿಸಿದ್ದನ್ನು ನೋಡಿ ಖುಷಿಯಾಯಿತು.

ಉಳಿದವರು ಅತ್ತೆ. ಮನೆಯಲ್ಲಿ ಒಬ್ಬರಿಗೆ ಮನಸ್ಸಿಲ್ಲದಿದ್ದರೂ ನಾಯಿ ಕೊಡುವುದಿಲ್ಲ ಎಂದು ಫಾರ್ಮಿನಲ್ಲೇ ಬರೆದಿತ್ತು. ಅದು ಸರಿಯಾದ ನಿಯಮ ಅಂತ ನನ್ನ ಅಭಿಪ್ರಾಯ. ನಾವಿಬ್ಬರೂ ಹೊರಗೆ ದುಡಿಯುವವರು, ಮಗಳು ಶಾಲೆಗೆ. ದಿನವಿಡೀ ನಾಯಿಯ ಜೊತೆ ಇರುವವರ ಮನಸ್ಸು ಕೇಳದೆ ತಂದರೆ ಇಬ್ಬರಿಗೂ ಅನ್ಯಾಯ. ‘ನಿಮಗ ಒಪ್ಪಿಗಿ ಐತೇನ್ರಿ ಅಮ್ಮಾರ?’ ಎಂದು ಹಿರಿಯರು ಕೇಳಿದರು. ಅತ್ತೆ ತಟ್ಟನೆ ಹೌದು ಅನ್ನಲಿಲ್ಲ.

‘ದೇವರ ಕ್ವಾಣಿಗೆ, ಅಡಗಿ ಮನಿಗೆ ಬರಬಾರದು’ ಅಂದರು. ‘ನನಗ ಮೊಳಕಾಲ ಬ್ಯಾನಿ. ಜಗ್ಗಿ ಕೆಡವಿದ್ರ ಏನ್ ಮಾಡ್ಲಿ?’

ಎರಡೂ ನ್ಯಾಯವಾದ ಮಾತು. ಆ ಎರಡು ಬಾಗಿಲಿಗೆ ಅಡ್ಡ ಹಲಗೆ ಇಡುವುದು, ಹೊರಗೆ ಕರೆದೊಯ್ಯುವ ಕೆಲಸ ಅತ್ತೆಯದಲ್ಲ, ಬೆಳಿಗ್ಗೆ ನನ್ನದು, ರಾತ್ರಿ ನಮ್ಮ ಮನೆಯವರದು ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ಅತ್ತೆ ತಾವಾಗಿಯೇ ಮಾತು ತೆಗೆದರು. ಅವರ ತವರು ರಾಣೆಬೆನ್ನೂರು ಕಡೆ, ಮನೆದೇವರು ದೇವರಗುಡ್ಡದ ಮಾಲತೇಶ, ಅಂದರೆ ಮೈಲಾರಲಿಂಗ. ಚಿಕ್ಕವರಿದ್ದಾಗ ಗೊರವರನ್ನು ನೋಡಿದ್ದು. ಗೊರವರು ತಾವು ಮೈಲಾರಲಿಂಗನ ನಾಯಿಗಳು ಅಂತಲೇ ನಡೆದುಕೊಳ್ಳುತ್ತಾರೆ. ಭಕ್ತರು ಅವರ ದೋಣಿ ಎಂಬ ಭಿಕ್ಷಾಪಾತ್ರೆಯಲ್ಲಿ ಹಾಕಿದ್ದನ್ನು ನಾಯಿಯ ಹಾಗೆ ಬೊಗಳುತ್ತ, ಬಾಯಿ ಹಾಕಿ ತಿನ್ನುತ್ತಾರೆ. ‘ನಮ್ಮಪ್ಪ ಆ ದೋಣಿಗೆ ಹಾಲು ಹಾಕಿ ಕೈ ಮುಗೀತಿದ್ದ. ದೇವರು ನಾಯಿ ಇಟಗೊಂಡಾನ, ನಾ ಬ್ಯಾಡ ಅನ್ನಾಕ ಯಾರು?’ ಅಂದರು. ಹದಿನೇಳು ವರ್ಷದಲ್ಲಿ ನಾನು ಅವರ ಬಾಯಿಂದ ಈ ಕತೆ ಕೇಳಿದ್ದು ಅದೇ ಮೊದಲು.

ಹೋಗುವ ಮೊದಲು ಒಪ್ಪಂದದ ಕಾಗದ ಓದಿಸಿದರು. ವರ್ಷಾವರ್ಷ ಲಸಿಕೆ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ, ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ, ಬೀದಿಗೆ ಬಿಡದೆ ಅವರಿಗೇ ವಾಪಸ್ ಒಪ್ಪಿಸಬೇಕು. ಸದಾ ಸರಪಳಿಯಲ್ಲಿ ಕಟ್ಟಿಹಾಕಬಾರದು. ಇದು ಅವರ ಗುಂಪಿನ ನಿಯಮ ಮಾತ್ರ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ, ನಾಯಿಯನ್ನು ಸದಾ ಕಟ್ಟಿ ಅಡ್ಡಾಡಿಸದೆ ಇರುವುದೂ, ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬೀದಿಪಾಲು ಮಾಡುವುದೂ ತಪ್ಪು ಅಂತ ಇದೆ. ನಮ್ಮ ಊರುಗಳಲ್ಲಿ ಎಷ್ಟು ಮನೆಗಳ ಮುಂದೆ ಎರಡು ಮೊಳದ ಸರಪಳಿಯಲ್ಲಿ ನಾಯಿಗಳ ಆಯುಷ್ಯ ಮುಗಿದುಹೋಗುತ್ತದೆ, ಯೋಚಿಸಿ. ಅದನ್ನು ಮನೆ ಕಾಯುವುದು ಅನ್ನುತ್ತೇವೆ.

‘ಗೇಟ್ ಆದ ಮ್ಯಾಲ ಫೋನ್ ಮಾಡ್ರಿ, ಮತ್ತ ಬರ್ತೇವಿ’ ಎಂದು ಹೊರಟರು.

ಮರುದಿನವೇ ಟೋಲ್ ನಾಕಾ ಕಡೆಯ ವೆಲ್ಡಿಂಗ್ ಅಂಗಡಿಯವರು ಬಂದು ಅಳತೆ ತೆಗೆದುಕೊಂಡರು. ಗೇಟಿನ ಕೆಳಗೆ ಕಬ್ಬಿಣದ ತಗಡು, ಮೇಲೆ ಸರಳುಗಳ ನಡುವೆ ಜಾಲರಿ, ಮುಂಬಾಗಿಲಿಗೆ ಸೊಂಟದೆತ್ತರದ ಪುಟ್ಟ ಗೇಟು. ಎಲ್ಲ ಸೇರಿ ಎರಡು ದಿನದ ಕೆಲಸ. ಕಿಡಿ ಹಾರುತ್ತಿದ್ದಾಗ ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಇದೇ ಕೆಲಸ ಆರು ವರ್ಷದ ಹಿಂದೆ ಆಗಿದ್ದರೆ ಎಂದು ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ನೀವೂ ಇಂಥ ನಾಯಿಯೊಂದನ್ನು ತರಬೇಕು ಅಂದುಕೊಂಡಿದ್ದರೆ, ಮನೆ ನೋಡಲು ಬರುವವರನ್ನು ಪರೀಕ್ಷೆ ಮಾಡುವವರು ಅಂತ ತಿಳಿಯಬೇಡಿ. ಅವರು ಬರುವ ಹಿಂದಿನ ದಿನ ಪರದೆ ಒಗೆಯುವುದು ಬೇಡ. ಒಂದು ಚಾಪೆ ಹಾಸಿ, ಪ್ರತಿ ಕೋಣೆಯಲ್ಲೂ ಐದು ನಿಮಿಷ ಬೋರಲು ಮಲಗಿ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬಾಯಿಮಾತಿಗೆ ಬಿಡದೆ ಬರೆಸಿಟ್ಟುಕೊಳ್ಳಿ. ರಾತ್ರಿ ಹೊತ್ತು ಯಾವ ಪಶುವೈದ್ಯರು ಸಿಗುತ್ತಾರೆ ಎಂದು ಈಗಲೇ ವಿಚಾರಿಸಿ, ನಂಬರನ್ನು ಗೋಡೆಗೆ ಅಂಟಿಸಿ. ಹಿಂದಿನ ನಾಯಿಯ ವಿಷಯ ಕೇಳಿದರೆ ನಿಜ ಹೇಳಿ. ತಪ್ಪಾಗಿದ್ದರೂ ಹೇಳಿ.

ಅವರು ಎರಡನೇ ಸಲ ಬಂದಾಗ ನಾಯಿಯೂ ಜೊತೆಗಿತ್ತು. ಅದಕ್ಕೆ ಹೆಸರನ್ನು ನಾನು ಅಷ್ಟರಲ್ಲಿ ಇಟ್ಟಾಗಿತ್ತು, ಕಾಳಿ. ಕರಿ ಬಣ್ಣಕ್ಕೆ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949ರ ಸುಮಾರಿನ ಶಾಸನವನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಮಣಲೇರ ಎಂಬ ವೀರನಿಗೆ ಒಡೆಯ ಮೆಚ್ಚಿ ಬೇಡಿಕೋ ಅಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಅದು ದೊಡ್ಡ ಹಂದಿಯೊಂದಿಗೆ ಕಾದಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ, ಮೇಲೆ ನಾಯಿ ಮತ್ತು ಹಂದಿ ಕಾದಾಡುವ ಚಿತ್ರವೂ ಇದೆ. ಬೈಪಾಸಿನ ಪಕ್ಕ ಬಿದ್ದಿದ್ದ ನಾಯಿಗೆ ಆ ಹೆಸರು ಸಲ್ಲುತ್ತದೆ ಅನ್ನಿಸಿತು.

ಕಾಳಿ ಗೇಟಿನ ಒಳಗೆ ಬಂದು, ಸೊಟ್ಟ ಕಾಲನ್ನು ಎತ್ತಿಕೊಂಡೇ ಅಂಗಳವನ್ನೆಲ್ಲ ಮೂಸಿತು. ಹೊಸ ತಗಡನ್ನು ತುಂಬಾ ಹೊತ್ತು ಮೂಸಿತು. ಹಿರಿಯರು ಮತ್ತೆ ಕುಕ್ಕರಗಾಲಿನಲ್ಲಿ ಕೂತು, ಗೇಟಿನ ಕೆಳಗೆ ಬೆರಳು ತೂರಿಸಿ ನೋಡಿದರು. ಕಿರುಬೆರಳೂ ಹೋಗಲಿಲ್ಲ.

ಮೂರು ದಿನ ಹೆದರಿಕೆ, ಮೂರು ವಾರ ಪರಿಚಯ, ಮೂರು ತಿಂಗಳಿಗೆ ಮನೆ ಎಂದು ನಾಯಿ ಸಾಕುವವರು ಒಂದು ಲೆಕ್ಕ ಹೇಳುತ್ತಾರೆ. ಎಲ್ಲ ನಾಯಿಗೂ ಒಂದೇ ಲೆಕ್ಕ ಅಲ್ಲ, ಆದರೆ ಅವಸರ ಮಾಡಬಾರದು ಅಂತ ನೆನಪಿಡಲು ಒಳ್ಳೆಯದು. ಮೊದಲ ದಿನ ಕಾಳಿ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ನಾವು ಯಾರೂ ಹತ್ತಿರ ಹೋಗಲಿಲ್ಲ. ಕಿಟಕಿಯ ಕೆಳಗಿನ ನೀಲಿ ಹಾಸಿಗೆಯ ಮೇಲೆ ಕಾಲನ್ನೂ ಇಡಲಿಲ್ಲ. ರಾತ್ರಿ ಎದ್ದು ನೋಡಿದರೆ ಮೆಟ್ಟಿಲ ಕೆಳಗೆ, ಎರಡು ಜೋಳದ ಚೀಲಗಳ ನಡುವಿನ ಸಂದಿನಲ್ಲಿ ಮುದುಡಿಕೊಂಡು ಮಲಗಿತ್ತು. ಎರಡನೇ ರಾತ್ರಿಯೂ ಅಲ್ಲೇ.

ಮೂರನೇ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಮೆಟ್ಟಿಲ ಕೆಳಗೆ ಚೀಲಗಳು ಇರಲಿಲ್ಲ. ಪಕ್ಕದ ಕಾಕಾನನ್ನು ಕರೆದು, ಅತ್ತೆ ಅವನ್ನೆಲ್ಲ ತಮ್ಮ ಕೋಣೆಗೆ ಎಳೆಸಿಟ್ಟಿದ್ದರು. ನೀಲಿ ಹಾಸಿಗೆ ಮೆಟ್ಟಿಲ ಕೆಳಗೆ ಬಂದಿತ್ತು. ಕಾಳಿ ಅದರ ಮೇಲೆ ಇರಲಿಲ್ಲ. ಅದರ ಪಕ್ಕ, ಬರೀ ನೆಲದ ಮೇಲೆ, ಹಾಸಿಗೆಯ ಅಂಚಿಗೆ ಗದ್ದ ಊರಿ ಮಲಗಿತ್ತು.

‘ಸದ್ದ ಮಾಡಬ್ಯಾಡ’ ಅಂದರು ಅತ್ತೆ, ಪಡಸಾಲೆಯಿಂದ. ‘ಈಗ ಮಲಗೇದ.’